ಭೀಮಸೇನ ವೀರನೋ, ಖಳನೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹಿಡಿಂಬ, ಬಕ, ಜರಾಸಂಧ, ಕಿರ್ಮೀರ, ಜಟಾಸುರ, ಕೀಚಕ. ಮಹಾಭಾರತದಲ್ಲಿ ಭೀಮನ ಬರಿಗೈಗೆ ಸಿಕ್ಕಿ ಸತ್ತವರ ಪಟ್ಟಿ ದೊಡ್ಡದು. ಅವನನ್ನು ಕೊಂಡಾಡುವವರೂ ಇದ್ದಾರೆ, ಕಟುಕನೆಂದು ಬೈಯುವವರೂ ಇದ್ದಾರೆ. ಕಾವ್ಯಾಸಕ್ತರು, ತಾಳಮದ್ದಲೆಯ ಕೇಳುಗರು, ಚರ್ಚಾಸ್ಪರ್ಧೆಗೆ ತಯಾರಾಗುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಅಧ್ಯಾಯಗಳ ಸಂಖ್ಯೆ ಕೊಟ್ಟಲ್ಲೆಲ್ಲ ಅದು ಪುಣೆಯ ಭಂಡಾರ್ಕರ್ ಸಂಸ್ಥೆ 1919ರಿಂದ 1966ರವರೆಗೆ ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಪರಿಷ್ಕೃತ ಆವೃತ್ತಿಯದು.

ಸುತ್ತಿ ಬಳಸದೆ ಹೇಳಿ: ವೀರನೇ, ಖಳನೇ?

ವೀರ. ಆದರೆ ಕಳಂಕವಿಲ್ಲದ ವೀರನಲ್ಲ. ಆ ಕಳಂಕ ಇರುವುದು ಜನ ಬೆರಳು ತೋರಿಸುವ ಕಡೆಯಲ್ಲೂ ಅಲ್ಲ. ದುರ್ಯೋಧನನ ತೊಡೆ, ದುಶ್ಶಾಸನನ ರಕ್ತ ಎಂದು ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ನಮ್ಮ ಮಟ್ಟಿಗೆ ಭೀಮನ ಮೇಲಿನ ನಿಜವಾದ ಆರೋಪ ವಾರಣಾವತದ ಅರಗಿನ ಮನೆಯಲ್ಲಿದೆ. ಅಲ್ಲಿ ಸುಟ್ಟು ಸತ್ತ ಬೇಡತಿ ಮತ್ತು ಅವಳ ಐದು ಮಕ್ಕಳ ಬಗ್ಗೆ ಕೇಳುವವರೇ ಕಡಿಮೆ. ಎರಡನೆಯ ಆರೋಪ ಹಿಡಿಂಬೆ ಮತ್ತು ಘಟೋತ್ಕಚರದು. ಮಿಕ್ಕ ಬಹುಪಾಲು ವಧೆಗಳಲ್ಲಿ, ಆಳಬೇಕಾದವನು ಕೈಕಟ್ಟಿ ಕೂತಾಗ ನೊಂದವರ ಪರವಾಗಿ ಎದ್ದು ನಿಂತವನು ಭೀಮನೊಬ್ಬನೇ.

ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಯಾವುದನ್ನು ನಂಬಿ ತೀರ್ಪು ಕೊಡುವುದು?

ವಾದಗಳು ಹದಗೆಡುವುದು ಹೆಚ್ಚಾಗಿ ಇಲ್ಲಿಯೇ. ಭೀಮನ ಕಥೆಗೆ ಮೂರು ಪದರಗಳಿವೆ. ವ್ಯಾಸರ ಸಂಸ್ಕೃತ ಮೂಲ ಒಂದು. ಪಂಪ (941), ರನ್ನ, ಕುಮಾರವ್ಯಾಸರ ಕನ್ನಡ ಕಾವ್ಯಗಳು ಇನ್ನೊಂದು. ಯಕ್ಷಗಾನ, ಹರಿಕಥೆ, ಸ್ಥಳಪುರಾಣಗಳದು ಮೂರನೆಯದು. ಮೂರೂ ಗೌರವಕ್ಕೆ ಯೋಗ್ಯ. ಆದರೆ ಒಂದರ ಸಾಕ್ಷಿಯನ್ನು ಇನ್ನೊಂದರ ಕಟಕಟೆಗೆ ತಂದರೆ ಲೆಕ್ಕ ತಪ್ಪುತ್ತದೆ.

ಮೂರು ತಪ್ಪುಗಳಂತೂ ಎಲ್ಲೆಲ್ಲೂ ಕಾಣುತ್ತವೆ. ಕೃಷ್ಣ ಕಡ್ಡಿ ಸೀಳಿ ಸನ್ನೆ ಮಾಡಿದ, ಭೀಮ ಜರಾಸಂಧನನ್ನು ಎರಡು ಸೀಳಾಗಿಸಿದ ಎನ್ನುವುದು ಭಾಗವತದ ಕಥೆ. ಪರಿಷ್ಕೃತ ಭಾರತದಲ್ಲಿ ಭೀಮ ಅವನನ್ನು ಎತ್ತಿ ಗಿರಗಿರನೆ ತಿರುಗಿಸಿ ಬೆನ್ನು ಮುರಿಯುತ್ತಾನೆ. ದುಶ್ಶಾಸನನ ನೆತ್ತರು ಸವರದೆ ಮುಡಿ ಕಟ್ಟುವುದಿಲ್ಲ ಎಂಬ ದ್ರೌಪದಿಯ ಶಪಥವೂ ಪರಿಷ್ಕೃತ ಪಾಠದಲ್ಲಿಲ್ಲ. ಭಟ್ಟನಾರಾಯಣನ ಸಂಸ್ಕೃತ ನಾಟಕದಿಂದ ಅದು ಹೆಸರಾಯಿತು, ನಮ್ಮ ಕವಿಗಳೂ ಬೆಳೆಸಿದರು. ಮೂರನೆಯದು ಇಬ್ಬರು ಬಕರ ಗೊಂದಲ. ಗೋಕುಲದ ಕೃಷ್ಣ ಕೊಂದದ್ದು ಕೊಕ್ಕರೆಯ ರೂಪದ ಬಕ, ಭೀಮ ಕೊಂದದ್ದು ಏಕಚಕ್ರದ ನರಭಕ್ಷಕ ಬಕ.

ಒಂದು ವಧೆಯನ್ನು ತೂಗಿ ನೋಡುವುದು ಹೇಗೆ?

ಪ್ರತಿ ಪ್ರಸಂಗಕ್ಕೂ ಈ ಐದು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಹಾಕಿ.

1. ಕೊಲ್ಲುವ ಮೊದಲು ನೊಂದವರು ಯಾರು? ಭೀಮನೋ, ಬೇರೆಯವರೋ?
2. ಅಲ್ಲಿ ನ್ಯಾಯ ಕೊಡಬೇಕಾದ ದೊರೆ ಯಾರು, ಅವನು ಏನು ಮಾಡುತ್ತಿದ್ದ?
3. ಕೊಲೆಗೆ ಅಪ್ಪಣೆ ಅಥವಾ ಒಪ್ಪಿಗೆ ಕೊಟ್ಟವರು ಯಾರು?
4. ಸತ್ತವರಲ್ಲಿ ಏನೂ ತಪ್ಪು ಮಾಡದವರು ಇದ್ದರೇ?
5. ಗೆದ್ದ ಮೇಲೆ ಭೀಮ ಉಳಿದವರನ್ನು ಹೇಗೆ ನಡೆಸಿಕೊಂಡ?

ಹೆಚ್ಚಿನವರು ಎರಡನೆಯದನ್ನೂ ಐದನೆಯದನ್ನೂ ಬಿಟ್ಟುಬಿಡುತ್ತಾರೆ. ಎರಡನೆಯದನ್ನು ಬಿಟ್ಟರೆ ಭೀಮ ಸುಮ್ಮನೆ ಮೈಕಸುವಿನ ಮನುಷ್ಯನಾಗಿ ಕಾಣುತ್ತಾನೆ. ಐದನೆಯದನ್ನು ಬಿಟ್ಟರೆ ಬಕನ ಪ್ರಸಂಗದ ಅತಿ ಒಳ್ಳೆಯ ಭಾಗವೇ ಕೈತಪ್ಪುತ್ತದೆ.

ಚಿಕ್ಕಂದಿನಲ್ಲೇ ಕೌರವರನ್ನು ಗೋಳುಹುಯ್ದುಕೊಂಡವನಲ್ಲವೇ? ಜಗಳ ಶುರುಮಾಡಿದ್ದೇ ಅವನಲ್ಲವೇ?

ಗೋಳುಹುಯ್ದದ್ದು ನಿಜ. ಕೂದಲು ಹಿಡಿದು ಎಳೆದ, ನೀರಾಟದಲ್ಲಿ ಹತ್ತು ಹುಡುಗರನ್ನು ತೋಳಲ್ಲಿ ಅವುಚಿ ಮುಳುಗಿಸಿ ಉಸಿರುಗಟ್ಟಿಸಿದ, ಹಣ್ಣಿಗೆಂದು ಮರ ಹತ್ತಿದವರನ್ನು ಮರ ಒದ್ದು ಉದುರಿಸಿದ (ಆದಿಪರ್ವ 119). ಇದು ಹುಡುಗಾಟ, ದ್ರೋಹದ ಮನಸ್ಸಲ್ಲ ಎಂದು ವ್ಯಾಸರೇ ಅಲ್ಲಿ ಸೇರಿಸುತ್ತಾರೆ. ಆದರೂ ಏಟು ತಿಂದ ಹುಡುಗನಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಆ ಮಾತು ಒಪ್ಪಬೇಕು. ಹಾಗೆಂದು ಎರಡು ಕಡೆಯ ತಪ್ಪು ಸಮ ಎನ್ನಲಾಗದು. ಭೀಮನದು ಪೋಕರಿತನ. ದುರ್ಯೋಧನನದು ಮೈಮರೆತು ಮಲಗಿದವನನ್ನು ಕಟ್ಟಿ ಗಂಗೆಗೆ ನೂಕಿದ, ಊಟದಲ್ಲಿ ಕಾಲಕೂಟ ವಿಷ ಬೆರೆಸಿದ ಕೊಲೆಯತ್ನ.

ಬಕಾಸುರ ನಿಜಕ್ಕೂ ಊರಿಗೆ ಕಂಟಕನಾಗಿದ್ದನೇ? ಅವನು ಊರನ್ನು ಕಾಯುತ್ತಿದ್ದ ಎಂದೂ ಓದಿದ ನೆನಪು.

ಎರಡೂ ಸರಿ. ಈ ಪ್ರಸಂಗ (ಆದಿಪರ್ವ 145–152) ಮಕ್ಕಳ ಕಥೆಯಾಗಿ ಸವೆದುಹೋಗಿದೆ. ಮೂಲದಲ್ಲಿ ಇದು ರಾಜ್ಯಭಾರದ ಕಥೆ.

ಏಕಚಕ್ರದ ಬ್ರಾಹ್ಮಣ ಕುಂತಿಗೆ ವಿವರವಾಗಿ ಹೇಳುತ್ತಾನೆ. ಬಕ ಈ ಸೀಮೆಯ ಒಡೆಯ. ಅವನಿರುವುದರಿಂದ ಪರರಾಜರ ದಂಡಿನ ಭಯವಿಲ್ಲ, ಬೇರೆ ಭೂತಗಳ ಭಯವೂ ಇಲ್ಲ. ಅದಕ್ಕೆ ಗೊತ್ತುಮಾಡಿದ ಕೂಲಿ ಒಂದು ಬಂಡಿ ಅನ್ನ, ಎರಡು ಕೋಣ, ಅವನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ. ಸರದಿ ಮನೆಯಿಂದ ಮನೆಗೆ ಬರುತ್ತದೆ. ತಪ್ಪಿಸಿಕೊಳ್ಳಲು ನೋಡಿದವರನ್ನು ಹೆಂಡತಿ ಮಕ್ಕಳ ಸಮೇತ ತಿಂದುಹಾಕುತ್ತಾನೆ. ಹಾಗಾದರೆ ರಾಜನಿಲ್ಲವೇ? ಇದ್ದಾನೆ, ವೇತ್ರಕೀಯಗೃಹದಲ್ಲಿ. ಕೈಲಾಗದವನು.

ಇದು ಕಂದಾಯ. ಕಾವಲಿಗೆ ಪ್ರತಿಯಾಗಿ ಪ್ರಾಣ ಕೊಡುವ ಒಪ್ಪಂದ. ಬಕನ ಪರ ವಾದಿಸುವವರು ಇದನ್ನೇ ಹಿಡಿಯುತ್ತಾರೆ: ಊರವರೇ ಒಪ್ಪಿಕೊಂಡ ಏರ್ಪಾಡು, ಹೊರಗಿನಿಂದ ಬಂದ ಭೀಮ ಮುರಿದದ್ದು ಸರಿಯೇ? ಉತ್ತರ ಅದೇ ಅಧ್ಯಾಯಗಳಲ್ಲಿದೆ. ಸರದಿ ಬಂದ ಮನೆಯಲ್ಲಿ ನಾನು ಹೋಗುತ್ತೇನೆಂದು ಅಪ್ಪ, ನಾನು ಎಂದು ಅಮ್ಮ, ನಾನು ಎಂದು ಮಗಳು ಅಳುತ್ತಾ ಜಗಳವಾಡುತ್ತಾರೆ. ತೊದಲು ಮಾತಿನ ಪುಟ್ಟ ಮಗ ಹುಲ್ಲುಕಡ್ಡಿ ಹಿಡಿದು ಇದರಿಂದ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಹೆದರಿಕೆಯಿಂದ ಹುಟ್ಟಿದ ಇಂಥ ಒಪ್ಪಿಗೆಗೆ ಬೆಲೆಯಿಲ್ಲ.

ಕಳಿಸಿದವಳು ಕುಂತಿ. ಭೀಮ ತಾನಾಗಿ ಜಗಳ ಹುಡುಕಿಕೊಂಡು ಹೋಗಲಿಲ್ಲ. ಯುಧಿಷ್ಠಿರ ತಾಯಿಯ ಮೇಲೆ ರೇಗಿದ ಕೂಡ: ಯಾರ ತೋಳನ್ನು ನೆಚ್ಚಿ ನಾವು ನಿದ್ದೆ ಮಾಡುತ್ತೇವೋ ಅವನನ್ನೇ ಬಿಟ್ಟುಕೊಟ್ಟೆಯಾ ಎಂದು. ಉಂಡ ಮನೆಯ ಋಣ ತೀರಿಸಬೇಕು ಎಂಬುದು ಅವಳ ಮುಖ್ಯ ಮಾತು.

ಭೀಮ ಬಂಡಿಯ ಅನ್ನವನ್ನು ಬಕನ ಎದುರೇ ಕೂತು ತಿಂದ. ಬೆನ್ನಿಗೆ ಬಿದ್ದ ಗುದ್ದುಗಳಿಗೆ ತಿರುಗಿಯೂ ನೋಡಲಿಲ್ಲ. ಉಂಡು ಕೈತೊಳೆದು ಎದ್ದ. ಮೊದಲು ಮರಗಳ ಹೊಡೆದಾಟ, ಆಮೇಲೆ ಕುಸ್ತಿ. ಕೊನೆಗೆ ಬೋರಲಾಗಿ ಕೆಡವಿ ಮೊಣಕಾಲನ್ನು ಬೆನ್ನಿಗೊತ್ತಿ, ಒಂದು ಕೈಯಲ್ಲಿ ಕುತ್ತಿಗೆ, ಇನ್ನೊಂದರಲ್ಲಿ ಸೊಂಟದ ಬಟ್ಟೆ ಹಿಡಿದು ಮಡಿಸಿ ಮುರಿದ. ಬಕನ ಬಂಧುಗಳು ಕೂಗು ಕೇಳಿ ನಡುಗುತ್ತಾ ಹೊರಬಂದರು. ಅವರನ್ನು ಭೀಮ ಕೊಲ್ಲಲಿಲ್ಲ. ಇನ್ನು ಮೇಲೆ ಮನುಷ್ಯರನ್ನು ಹಿಂಸಿಸಬೇಡಿ, ಹಿಂಸಿಸಿದರೆ ಹೀಗೇ ಸಾಯುತ್ತೀರಿ ಎಂದು ಕರಾರು ಹಾಕಿ ಬಿಟ್ಟ. ಅಂದಿನಿಂದ ಆ ನಾಡಿನ ರಾಕ್ಷಸರು ಸೌಮ್ಯರಾಗಿ ಓಡಾಡುವುದನ್ನು ಊರವರು ಕಂಡರು ಎಂದು ಮೂಲ ಹೇಳುತ್ತದೆ. ಬರೀ ಕಟುಕನಾಗಿದ್ದರೆ ಇಡೀ ಕುಲವನ್ನೇ ಮುಗಿಸುತ್ತಿದ್ದ. ಹೆಸರಿಗೂ ಆಸೆಪಡಲಿಲ್ಲ. ಹೆಣವನ್ನು ಊರಬಾಗಿಲಿಗೆ ತಂದು ಎಸೆದು ಯಾರಿಗೂ ಕಾಣದಂತೆ ಮನೆಗೆ ಹೋದ.

ಏಕಚಕ್ರಪುರ ಎಂದರೆ ನಮ್ಮ ಕೈವಾರವೇ?

ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕೈವಾರದ ಸ್ಥಳಪುರಾಣ ಹಾಗೆ ಹೇಳುತ್ತದೆ. ಅಲ್ಲಿ ಭೀಮಲಿಂಗೇಶ್ವರ ದೇವಸ್ಥಾನವಿದೆ, ಬೆಟ್ಟವನ್ನು ಬಕನ ಕಥೆಯೊಂದಿಗೆ ಸೇರಿಸಿ ಹೇಳುತ್ತಾರೆ. ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರ ಗುಡಿಯಿದೆ, ಆ ಬೆಟ್ಟ ಹಿಡಿಂಬನ ನೆಲೆಯಾಗಿತ್ತು ಎಂಬ ಐತಿಹ್ಯವೂ ಇದೆ. ಇವು ಮೂರನೆಯ ಪದರದ ಸಾಕ್ಷಿಗಳು. ಭೀಮನನ್ನು ಜನ ಹೇಗೆ ತಮ್ಮವನನ್ನಾಗಿ ಮಾಡಿಕೊಂಡರು ಎಂಬುದಕ್ಕೆ ಇವು ಬಲವಾದ ಆಧಾರ. ವ್ಯಾಸರ ಏಕಚಕ್ರ ಎಲ್ಲಿತ್ತು ಎಂಬುದಕ್ಕೆ ಆಧಾರವಲ್ಲ.

ಅರಗಿನ ಮನೆಗೆ ಬೆಂಕಿ ಇಟ್ಟದ್ದು ಪುರೋಚನ ಅಲ್ಲವೇ?

ಅಲ್ಲ. ಭೀಮ. ಸಂಚು ದುರ್ಯೋಧನನದು, ಮನೆ ಕಟ್ಟಿಸಿದವನು ಪುರೋಚನ, ಬೆಂಕಿ ಇಟ್ಟ ಕೈ ಭೀಮನದು (ಆದಿಪರ್ವ 136).

ವಿದುರ ಕಳಿಸಿದ ಗಣಿಗಾರ ಗುಟ್ಟಾಗಿ ಸುರಂಗ ತೋಡಿದ್ದ. ಅವರು ಅಲ್ಲಿ ಇದ್ದು ಒಂದು ವರ್ಷ ತುಂಬಿದಾಗ ಯುಧಿಷ್ಠಿರ ತಮ್ಮಂದಿರಿಗೆ ಉಪಾಯ ಹೇಳುತ್ತಾನೆ: ಆಯುಧಶಾಲೆಗೆ ಬೆಂಕಿ ಹಚ್ಚಿ, ಪುರೋಚನನನ್ನು ಸುಟ್ಟು, ಆರು ಜೀವಗಳನ್ನು ಇಲ್ಲಿ ಇರಿಸಿ, ಯಾರಿಗೂ ತಿಳಿಯದಂತೆ ಪಾರಾಗೋಣ. ಆರು, ಅಂದರೆ ಐವರು ಪಾಂಡವರು ಮತ್ತು ಕುಂತಿಯ ಲೆಕ್ಕಕ್ಕೆ ಸರಿಯಾಗಿ ಆರು ಹೆಣ. ಆ ರಾತ್ರಿ ಕುಂತಿ ಅನ್ನದಾನ ಮಾಡಿದಳು. ಊಟಕ್ಕೆಂದು ಒಬ್ಬ ನಿಷಾದ ಹೆಂಗಸು ಐದು ಮಕ್ಕಳೊಂದಿಗೆ ಬಂದಳು. ಕುಡಿದು, ಮೈಮರೆತು, ಅಲ್ಲೇ ಮಲಗಿದರು. ಗಾಳಿ ಜೋರಾಗಿ ಬೀಸುವ ಹೊತ್ತಿಗೆ ಭೀಮ ಪುರೋಚನ ಮಲಗಿದ್ದ ಕಡೆ ಬೆಂಕಿ ಇಟ್ಟು, ತಾಯಿ ಮತ್ತು ಅಣ್ಣತಮ್ಮಂದಿರನ್ನು ಹೊತ್ತುಕೊಂಡು ಸುರಂಗ ಹಿಡಿದ. ಬೆಳಗ್ಗೆ ಊರವರು ಆರು ಸುಟ್ಟ ದೇಹ ನೋಡಿ ಪಾಂಡವರು ಸತ್ತರೆಂದು ಅತ್ತರು.

ಐದು ಪ್ರಶ್ನೆಗಳನ್ನು ಇಲ್ಲಿಗೆ ಹಾಕಿ ನೋಡಿ. ಪುರೋಚನನ ಸಾವಿಗೆ ಸಮರ್ಥನೆಯಿದೆ. ಆ ಆರು ಜನರ ಸಾವಿಗೆ ಯಾವ ಸಮರ್ಥನೆಯೂ ಇಲ್ಲ. ಅವರು ಯಾರಿಗೂ ಕೇಡು ಮಾಡಿದವರಲ್ಲ. ಏಕಚಕ್ರದಲ್ಲಿ ಒಂದು ಬಡಮನೆಯ ನಾಲ್ಕು ಜೀವಕ್ಕಾಗಿ ತನ್ನ ಪ್ರಾಣ ಒಡ್ಡಿದ ಅದೇ ಭೀಮ, ಅದಕ್ಕೆ ಸ್ವಲ್ಪವೇ ಮುಂಚೆ ಇನ್ನೊಂದು ಬಡಕುಟುಂಬದ ಆರು ಜೀವಗಳು ಉರಿಯುವಾಗ ಹಿಂತಿರುಗಿ ನೋಡಲಿಲ್ಲ. ಯೋಚನೆ ಅಣ್ಣನದು, ಅಮ್ಮನಿಗೂ ತಿಳಿದಿತ್ತೆಂದು ಓದಲು ಅವಕಾಶವಿದೆ, ಆದ್ದರಿಂದ ಹೊಣೆ ಹಂಚಿಹೋಗುತ್ತದೆ. ಹಂಚಿಹೋದರೂ ಭೀಮನ ಪಾಲು ಕರಗುವುದಿಲ್ಲ. ಮುಂದೆ ಇಡೀ ಭಾರತದಲ್ಲಿ ಪಾಂಡವರಲ್ಲಿ ಒಬ್ಬರೂ ಆ ತಾಯಿಗಾಗಿ ದುಃಖಪಡುವುದಿಲ್ಲ. ಆ ಹೆಂಗಸಿಗೆ ಹೆಸರನ್ನೂ ಕೊಟ್ಟಿಲ್ಲ. ಭೀಮನನ್ನು ಖಳ ಎನ್ನಬೇಕೆಂದಿರುವವರು ವಾದವನ್ನು ಇಲ್ಲಿಂದ ಶುರುಮಾಡಬೇಕು. ಉತ್ತರ ಕೊಡುವುದು ಬಹಳ ಕಷ್ಟ.

ಹಿಡಿಂಬೆಯ ವಿಷಯದಲ್ಲಿ ಭೀಮ ನಡೆದುಕೊಂಡದ್ದು ಸರಿಯೇ?

ಹಿಡಿಂಬನನ್ನು ಕೊಂದದ್ದು ಸರಿ. ಮಲಗಿದ್ದ ತಾಯಿಯನ್ನೂ ಸೋದರರನ್ನೂ ತಿನ್ನಲು ಬಂದವನು ಅವನು. ಒಲಿದು ಬಂದ ತಂಗಿಯನ್ನೂ ಅವನು ಕೊಲ್ಲಲು ಹೊರಟಿದ್ದ. ಅಲ್ಲಿಯವರೆಗೆ ಭೀಮ ಅವಳ ರಕ್ಷಕ.

ತೊಡಕು ಆಮೇಲಿನದು. ಅಣ್ಣ ಸತ್ತ ಕೂಡಲೇ ಭೀಮ ಅವಳತ್ತ ತಿರುಗಿ, ರಾಕ್ಷಸರು ಹಗೆ ಮರೆಯುವುದಿಲ್ಲ, ನೀನೂ ಅಣ್ಣನ ದಾರಿ ಹಿಡಿ ಎಂದು ಗದರುತ್ತಾನೆ. ಸಿಟ್ಟು ಬಂದರೂ ಹೆಣ್ಣನ್ನು ಕೊಲ್ಲಬೇಡ ಎಂದು ತಡೆದವನು ಯುಧಿಷ್ಠಿರ. ಹಿಡಿಂಬೆ ಕುಂತಿಗೆ ಕೈಮುಗಿದು ತನ್ನ ಮನಸ್ಸನ್ನು ಬಿಚ್ಚಿ ಹೇಳಿದ ಮೇಲೆ ಮದುವೆ. ಅದಕ್ಕೂ ಷರತ್ತು: ಹಗಲೆಲ್ಲ ಅವಳೊಂದಿಗೆ, ರಾತ್ರಿ ತಾಯಿಯ ಬಳಿಗೆ, ಅದೂ ಮಗ ಹುಟ್ಟುವವರೆಗೆ ಮಾತ್ರ. ಘಟೋತ್ಕಚ ಹುಟ್ಟಿದ, ಗಡುವು ಮುಗಿಯಿತು, ಹೊರಟರು.

ಆ ಮಗ ಕರೆದಾಗಲೆಲ್ಲ ಬಂದ. ವನವಾಸದಲ್ಲಿ ಗಂಧಮಾದನದ ದಾರಿಯಲ್ಲಿ ದ್ರೌಪದಿ ಕುಸಿದಾಗ ಹೊತ್ತು ನಡೆದವನು ಅವನು. ಯುದ್ಧದ 14ನೆಯ ದಿನದ ರಾತ್ರಿ, ಅರ್ಜುನನಿಗಾಗಿ ಕರ್ಣ ತೆಗೆದಿಟ್ಟಿದ್ದ ಇಂದ್ರದತ್ತ ಶಕ್ತಿಗೆ ಎದೆಯೊಡ್ಡಿ ಸತ್ತ. ಅವನ ಮಗ ಅಂಜನಪರ್ವ ಅದೇ ರಾತ್ರಿ ಅಶ್ವತ್ಥಾಮನ ಕೈಯಲ್ಲಿ ಸತ್ತಿದ್ದ. ಪಾಂಡವರು ಅಳುತ್ತಿದ್ದರೆ ಕೃಷ್ಣ ಕುಣಿದ. ಕರ್ಣ ಕೊಲ್ಲದಿದ್ದರೆ ಮುಂದೆ ನಾನೇ ಇವನನ್ನು ಕೊಲ್ಲಬೇಕಾಗಿತ್ತು, ಯಜ್ಞದ್ವೇಷಿ ಎಂದ (ದ್ರೋಣಪರ್ವ 155–156). ಹೆಂಡತಿಯ ಪಾಲಿಗೆ ಗಡುವು, ಮಗನ ಪಾಲಿಗೆ ಬಲಿ. ಈ ಅನ್ಯಾಯವನ್ನು ಭೀಮನೊಬ್ಬನೇ ಮಾಡಲಿಲ್ಲ, ಆದರೆ ಅದನ್ನು ಎದುರಿಸಿ ಒಂದು ಮಾತೂ ಆಡಲಿಲ್ಲ.

ಹಿಮಾಚಲದ ಮನಾಲಿಯಲ್ಲಿ ಹಿಡಿಂಬೆ ದೇವತೆ. 1553ರಲ್ಲಿ ಕಟ್ಟಿದ ಮರದ ಗುಡಿಯಲ್ಲಿ ಅವಳಿಗೆ ಪೂಜೆ ನಡೆಯುತ್ತದೆ, ಕುಲ್ಲು ದಸರಾದಲ್ಲಿ ಅವಳಿಗೆ ಹಿರಿಯಳ ಸ್ಥಾನ. ಆ ಜನ ಅವಳ ಕಡೆಯಿಂದ ಕಥೆಯನ್ನು ನೋಡಿದ್ದಾರೆ.

ಕಿರ್ಮೀರ, ಜಟಾಸುರರ ವಧೆ?

ಹೆಚ್ಚು ತಕರಾರಿಲ್ಲ. ಜಟಾಸುರ ಬ್ರಾಹ್ಮಣ ವೇಷದಲ್ಲಿ ಪಾಂಡವರ ಅನ್ನ ಉಂಡು, ಭೀಮ ಇಲ್ಲದ ಹೊತ್ತಿನಲ್ಲಿ ದ್ರೌಪದಿ, ಯುಧಿಷ್ಠಿರ, ನಕುಲ, ಸಹದೇವರನ್ನು ಹೊತ್ತೊಯ್ಯಲು ನೋಡಿದವನು (ವನಪರ್ವ 154). ಕಿರ್ಮೀರ ಕಾಮ್ಯಕವನದಲ್ಲಿ ದಾರಿಗೆ ಅಡ್ಡ ನಿಂತವನು (ವನಪರ್ವ 12). ಆದರೆ ಅವನ ಮಾತನ್ನು ಬಿಡದೆ ಓದಿ: ಇವನು ನನ್ನ ಸೋದರ ಬಕನನ್ನು ಕೊಂದ, ಗೆಳೆಯ ಹಿಡಿಂಬನನ್ನು ಕೊಂದ, ಅವನ ತಂಗಿಯನ್ನೂ ಅಪಹರಿಸಿದ. ರಾಕ್ಷಸರ ಕೇರಿಯಲ್ಲಿ ಭೀಮನ ಕಥೆ ಹೇಗೆ ಹಬ್ಬಿತ್ತು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಜರಾಸಂಧನನ್ನು ಮೋಸದಿಂದ ಕೊಂದದ್ದಲ್ಲವೇ?

ಒಳಹೊಕ್ಕದ್ದು ಮೋಸದಿಂದ, ಕಾದಾಡಿದ್ದು ನೇರವಾಗಿ. ಕೃಷ್ಣ, ಭೀಮ, ಅರ್ಜುನ ಸ್ನಾತಕರ (ವಿದ್ಯಾಭ್ಯಾಸ ಮುಗಿಸಿದ ಬ್ರಾಹ್ಮಣರ) ವೇಷದಲ್ಲಿ ಬಾಗಿಲಲ್ಲದ ದಾರಿಯಿಂದ ಗಿರಿವ್ರಜವನ್ನು ಹೊಕ್ಕರು. ಅದು ಈಗಿನ ಬಿಹಾರದ ರಾಜಗೀರ್. ಆದರೆ ಕಾಳಗಕ್ಕೆ ಮುಂಚೆ ತಾವು ಯಾರೆಂದು ಹೇಳಿದರು. ಮೂವರಲ್ಲಿ ಯಾರೊಂದಿಗೆ ಎಂಬ ಆಯ್ಕೆ ಜರಾಸಂಧನದಾಗಿತ್ತು, ಅವನು ಭೀಮನನ್ನೇ ಆರಿಸಿದ. ಕಾರ್ತಿಕದ ಮೊದಲ ದಿನ ಹಿಡಿದ ಮಲ್ಲಯುದ್ಧ ತ್ರಯೋದಶಿಯವರೆಗೆ ಹಗಲಿರುಳು ನಡೆಯಿತು. ಚತುರ್ದಶಿಯ ರಾತ್ರಿ ಜರಾಸಂಧ ಬಳಲಿದ. ಬಳಲಿದವನನ್ನು ಹೆಚ್ಚು ಒತ್ತಬಾರದು, ಒತ್ತಿದರೆ ಪ್ರಾಣ ಹೋದೀತು ಎಂದು ಕೃಷ್ಣ ಆಡಿದ ಮಾತು ಧರ್ಮೋಪದೇಶದಂತೆ ಕೇಳಿಸುತ್ತದೆ, ಭೀಮನಿಗೆ ಅದು ಸನ್ನೆ. ತಕರಾರು ಎತ್ತುವುದಾದರೆ ಇಲ್ಲಿ ಎತ್ತಿ.

ಇನ್ನೊಂದು ತಟ್ಟೆಯಲ್ಲಿ 86 ಸೆರೆಯಾಳು ರಾಜರಿದ್ದಾರೆ. ಇನ್ನು 14 ಮಂದಿ ಸಿಕ್ಕಿದರೆ ನೂರು ತುಂಬಿ, ಅಷ್ಟೂ ಜನರನ್ನು ಬಲಿ ಕೊಡುವವನಿದ್ದ. ಅವರೆಲ್ಲ ಬಿಡುಗಡೆಯಾದರು. ಮಗಧವನ್ನು ಕಸಿದುಕೊಳ್ಳಲಿಲ್ಲ, ಜರಾಸಂಧನ ಮಗ ಸಹದೇವನಿಗೇ ಪಟ್ಟ ಕಟ್ಟಿದರು.

ಕೀಚಕನೊಬ್ಬ ತಪ್ಪು ಮಾಡಿದ. ಜೊತೆಗೆ 105 ಜನರನ್ನು ಕೊಂದದ್ದೇಕೆ?

ಕೀಚಕನ ಬಂಧುಗಳಾದ ಆ 105 ಉಪಕೀಚಕರು ಏನು ಮಾಡುತ್ತಿದ್ದರು ಎಂಬುದನ್ನು ಬಿಟ್ಟು ಕಥೆ ಹೇಳಿದರೆ ಮಾತ್ರ ಇದು ಅತಿರೇಕವಾಗಿ ಕಾಣುತ್ತದೆ. ಇವಳಿಂದಲೇ ನಮ್ಮವನು ಸತ್ತ ಎಂದು ಅವರು ದ್ರೌಪದಿಯನ್ನು ಕಟ್ಟಿ ಕೀಚಕನ ಹೆಣದೊಂದಿಗೆ ಜೀವಂತ ಸುಡಲು ಮಸಣಕ್ಕೆ ಹೊತ್ತೊಯ್ಯುತ್ತಿದ್ದರು. ವಿರಾಟರಾಜ ಅದಕ್ಕೆ ಒಪ್ಪಿಗೆ ಕೊಟ್ಟಿದ್ದ. ಭೀಮ ಮರ ಕಿತ್ತುಕೊಂಡು ಬಂದದ್ದು ಆಗ.

ಅದಕ್ಕೂ ಮೊದಲು ಸಭೆಯಲ್ಲಿ ಕೀಚಕ ಅವಳನ್ನು ಒದ್ದಾಗ ವಿರಾಟ ಬಾಯಿ ಬಿಡಲಿಲ್ಲ. ಯುಧಿಷ್ಠಿರ ಅಲ್ಲೇ ಇದ್ದ, ಅಜ್ಞಾತವಾಸ ಕೆಡುತ್ತದೆಂದು ಭೀಮನನ್ನೂ ತಡೆದ. ಆ ರಾತ್ರಿ ದ್ರೌಪದಿ ಅಡುಗೆಮನೆಗೆ ಬಂದು ಭೀಮನನ್ನು ಎಬ್ಬಿಸಿ ಅತ್ತಳು. ಗಂಧ ತೇಯ್ದು ತೇಯ್ದು ಜಡ್ಡುಗಟ್ಟಿದ ಅವಳ ಕೈಗಳನ್ನು ಭೀಮ ತನ್ನ ಮುಖಕ್ಕೆ ಒತ್ತಿಕೊಂಡು ಅತ್ತ ಎನ್ನುತ್ತಾರೆ ವ್ಯಾಸರು. ಐವರು ಗಂಡಂದಿರಲ್ಲಿ ಆ ಕೈಗಳನ್ನು ನೋಡಿದವನು ಇವನೇ. ಅವನ ಪ್ರತೀಕಾರವನ್ನು ಅಳೆಯುವವರು ಈ ಸಾಲನ್ನೂ ಜೊತೆಗಿಟ್ಟುಕೊಳ್ಳಬೇಕು. ಕುಮಾರವ್ಯಾಸ ಇದೇ ರಾತ್ರಿಯನ್ನು ಭಾಮಿನಿ ಷಟ್ಪದಿಯಲ್ಲಿ ಹಿಗ್ಗಿಸಿ ಬರೆದಿದ್ದಾನೆ. ಕನ್ನಡದಲ್ಲಿ ಭೀಮನನ್ನು ಅರಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ದುಶ್ಶಾಸನನ ರಕ್ತ ಕುಡಿದವನನ್ನು ವೀರ ಎನ್ನುವುದು ಹೇಗೆ?

ರಣರಂಗದಲ್ಲಿ (ಕರ್ಣಪರ್ವ 61) ಎದೆ ಸೀಳಿ ಬಿಸಿನೆತ್ತರು ಕುಡಿದು, ತಾಯಿಯ ಹಾಲಿಗಿಂತ, ಜೇನಿಗಿಂತ ರುಚಿ ಎಂದು ಕೂಗುತ್ತಾನೆ. ನೋಡಿದ ಸೈನಿಕರು ಇವನು ಮನುಷ್ಯನಲ್ಲ ರಾಕ್ಷಸ ಎಂದು ಓಡುತ್ತಾರೆ. ರಾಕ್ಷಸರನ್ನು ಕೊಂದವನಿಗೇ ಆ ಹೆಸರು ಅಂಟಿದ ಗಳಿಗೆ ಇದು.

ಯುದ್ಧ ಮುಗಿದ ಮೇಲೆ ಗಾಂಧಾರಿಯ ಎದುರು ಅವನು ಹೇಳುವುದು ಬೇರೆ: ರಕ್ತ ಹಲ್ಲುತುಟಿ ದಾಟಲಿಲ್ಲ, ಜೂಜಿನ ಸಭೆಯಲ್ಲಿ ಆಡಿದ ಮಾತು ಉಳಿಸಿಕೊಳ್ಳಲು ಮಾಡಿದೆ (ಸ್ತ್ರೀಪರ್ವ 14). ಒಂದೋ ಕುಡಿದ, ಇಲ್ಲವೇ ಕುಡಿದಂತೆ ತೋರಿಸಿದ. ಎರಡು ಪರ್ವಗಳ ನಡುವಿನ ಈ ಅಂತರವನ್ನು ಮುಚ್ಚಲು ಹೋಗಬೇಡಿ, ವಾದದಲ್ಲಿ ಎರಡನ್ನೂ ಮುಂದಿಡಿ. ನೂರು ಜನರಲ್ಲಿ ಕಡಿಮೆ ತಪ್ಪು ಮಾಡಿದ ಒಬ್ಬನನ್ನಾದರೂ ಈ ಮುದುಕರಿಗೆ ಉಳಿಸಬಾರದಿತ್ತೇ ಎಂದು ಗಾಂಧಾರಿ ಕೇಳುತ್ತಾಳೆ. ಆ ಪ್ರಶ್ನೆಗೆ ಭೀಮನ ಬಳಿ ಉತ್ತರವಿಲ್ಲ.

ತೊಡೆಗೆ ಹೊಡೆದದ್ದು ಅಧರ್ಮ ತಾನೇ?

ಹೌದು. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ಅದನ್ನು ಮುರಿದದ್ದು ನಿಜ. ಗುರು ಬಲರಾಮ ನೇಗಿಲೆತ್ತಿಕೊಂಡು ಮೇಲೆ ಬಿದ್ದ. ಕೃಷ್ಣ ತಡೆದ ಮೇಲೆ, ಲೋಕ ಇವನನ್ನು ವಕ್ರಯೋಧನೆಂದೇ ಕರೆಯುತ್ತದೆ ಎಂದು ಹೇಳಿ ಹೊರಟುಹೋದ.

ಆ ಏಟಿನ ಹಿಂದೆ ಏನಿತ್ತು ಎಂಬುದೂ ಮುಖ್ಯ. ದುರ್ಯೋಧನ 13 ವರ್ಷ ಭೀಮನ ಕಬ್ಬಿಣದ ಗೊಂಬೆಯ ಮೇಲೆ ಗದೆಯ ಅಭ್ಯಾಸ ಮಾಡಿದ್ದ. ನಮ್ಮಲ್ಲಿ ಯಾರನ್ನಾದರೂ ಆರಿಸಿ ಗೆದ್ದರೆ ರಾಜ್ಯ ನಿನ್ನದೇ ಎಂದು ಯುಧಿಷ್ಠಿರ ಗೆದ್ದ ಯುದ್ಧವನ್ನೇ ಮತ್ತೆ ಪಣಕ್ಕಿಟ್ಟಿದ್ದ. ನ್ಯಾಯವಾಗಿ ಕಾದಿದರೆ ಭೀಮ ಗೆಲ್ಲುವುದಿಲ್ಲ ಎಂದ ಕೃಷ್ಣ, ಅರ್ಜುನ ತನ್ನ ತೊಡೆ ತಟ್ಟಿ ತೋರಿಸಿದ (ಶಲ್ಯಪರ್ವ 57). ಗಾಂಧಾರಿಗೆ ಭೀಮ ಕೊಟ್ಟ ಉತ್ತರ ಪ್ರಾಮಾಣಿಕವಾದದ್ದು: ಧರ್ಮವೋ ಅಧರ್ಮವೋ, ನನ್ನ ಪ್ರಾಣ ಉಳಿಸಿಕೊಳ್ಳಲು ಹೆದರಿ ಮಾಡಿದೆ, ಕ್ಷಮಿಸು. ಭಾರತದ ಬೇರೆ ಯಾವ ಗೆದ್ದ ವೀರನೂ ಹೆದರಿದೆ ಎಂದು ಇಷ್ಟು ಬಿಚ್ಚಿ ಒಪ್ಪಿಕೊಂಡಿಲ್ಲ. ತೊಡೆಯ ಏಟಿಗಿಂತ ಕೆಟ್ಟದ್ದು ಆಮೇಲಿನದು. ಬಿದ್ದವನ ತಲೆಯನ್ನು ಎಡಗಾಲಲ್ಲಿ ಒದ್ದ. ತಲೆಯ ಮೇಲೆ ಕಾಲಿಡುತ್ತೇನೆಂದು ಜೂಜಿನ ಸಭೆಯಲ್ಲಿ ಶಪಥ ಮಾಡಿದ್ದ, ಆದರೂ ಬಿದ್ದವನನ್ನು ಒದೆಯಲು ಅದು ನೆಪವಾಗದು. ಯುಧಿಷ್ಠಿರನೇ ಬೈದು ಬಿಡಿಸಿದ.

ರನ್ನನ ‘ಗದಾಯುದ್ಧ’ದಲ್ಲಿ ನಾಯಕ ಭೀಮ. ಹಾಗಾದರೆ ಓದುವಾಗ ದುರ್ಯೋಧನನ ಮೇಲೆ ಕನಿಕರ ಬರುವುದೇಕೆ?

ರನ್ನ ಹಾಗೆ ಬರೆದಿದ್ದಾನೆ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ತನ್ನ ಆಶ್ರಯದಾತ ಚಾಳುಕ್ಯ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಸಮೀಕರಿಸಿ ಕಾವ್ಯ ಕಟ್ಟಿದ. ಅದರ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’. ಆದರೆ ಹೆಣಗಳ ನಡುವೆ ನಡೆಯುವ ದುರ್ಯೋಧನ ಹಗೆಯ ಮಗನಾದ ಅಭಿಮನ್ಯುವನ್ನು ಕಂಡು ಮೆಚ್ಚುತ್ತಾನೆ, ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಗೋಳಾಡುತ್ತಾನೆ. ಭೀಮ ಕೊಳದ ದಡದಲ್ಲಿ ಗರ್ಜಿಸಿದಾಗ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ (ನೀರೊಳಗಿದ್ದೂ ಬೆವರಿದ, ಹಾವಿನ ಬಾವುಟದ ದುರ್ಯೋಧನ). ಆ ಒಂದು ಸಾಲಲ್ಲಿ ಭೀಮನ ಭಯಂಕರತೆಯೂ ದುರ್ಯೋಧನನ ಒಳಗುದಿಯೂ ಒಟ್ಟಿಗಿವೆ. ಪಂಪನಾದರೋ ಒಬ್ಬೊಬ್ಬರ ಒಂದೊಂದು ಗುಣ ಹೇಳುತ್ತಾ ‘ಗಂಡಿನೊಳ್ ಭೀಮಸೇನಂ’ (ಪೌರುಷದಲ್ಲಿ ಭೀಮಸೇನ) ಎಂದು ಮುಗಿಸಿಬಿಟ್ಟ. ಕನ್ನಡದ ಹಿರಿಯ ಕವಿಗಳು ಯಾರೂ ಎದುರಾಳಿಯನ್ನು ಕುಗ್ಗಿಸಿ ಭೀಮನನ್ನು ದೊಡ್ಡವನನ್ನಾಗಿಸಲಿಲ್ಲ.

ಅವನಿಗೆ ಯುದ್ಧವೇ ಬೇಕಿತ್ತಲ್ಲವೇ?

ಉದ್ಯೋಗಪರ್ವದ 72ನೆಯ ಅಧ್ಯಾಯ ಓದಿ. ಸಂಧಿಗೆ ಹೊರಟ ಕೃಷ್ಣನಿಗೆ, ದುರ್ಯೋಧನನೊಡನೆ ಮೆದುವಾಗಿ ಮಾತಾಡು, ಭರತಕುಲ ಹಾಳಾಗದಿರಲಿ ಎಂದವನು ಭೀಮ. ಬೆಟ್ಟ ಹಗುರವಾದಂತೆ, ಬೆಂಕಿ ತಣ್ಣಗಾದಂತೆ ಇದೆಯಲ್ಲ ಎಂದು ಕೃಷ್ಣನೇ ಬೆರಗಾಗಿ ಅವನನ್ನು ಕೆಣಕಿ ಎಬ್ಬಿಸಬೇಕಾಯಿತು. ಯಕ್ಷಗಾನದ ಸಂಧಾನ ಪ್ರಸಂಗದಲ್ಲಿ ಅಬ್ಬರಿಸುವ ಭೀಮನನ್ನೇ ಕಂಡವರಿಗೆ ಇದು ಹೊಸದೆನಿಸುತ್ತದೆ.

ಗ್ರಂಥ ಅವನ ಮೇಲೆ ಹೊರಿಸುವ ತಪ್ಪು ಯಾವುದು?

ಪಾಂಡವರ ಕೊನೆಯ ಯಾತ್ರೆಯಾದ ಮಹಾಪ್ರಸ್ಥಾನದಲ್ಲಿ ಭೀಮ ಬಿದ್ದಾಗ ಕಾರಣ ಕೇಳುತ್ತಾನೆ. ನೀನು ಮಿತಿಮೀರಿ ಉಂಡೆ, ಬೇರೆಯವರನ್ನು ಲೆಕ್ಕಿಸದೆ ಬಲದ ಬಡಾಯಿ ಕೊಚ್ಚಿದೆ ಎಂದು ಯುಧಿಷ್ಠಿರನ ಉತ್ತರ. ತೊಡೆಯ ಮಾತಿಲ್ಲ, ರಕ್ತದ ಮಾತಿಲ್ಲ, ಬೇಡತಿಯ ಮಾತಂತೂ ಇಲ್ಲವೇ ಇಲ್ಲ. ಬಡಾಯಿಯ ಆರೋಪ ನಿಲ್ಲುತ್ತದೆ: ಯುದ್ಧವಾದ ಮೇಲೂ ಮಕ್ಕಳನ್ನು ಕಳೆದುಕೊಂಡ ಕುರುಡು ದೊಡ್ಡಪ್ಪನಿಗೆ ಕೇಳುವಂತೆ, ನಿನ್ನ ಮಕ್ಕಳನ್ನು ಕೊಂದ ತೋಳುಗಳಿವು ಎಂದು ಚಪ್ಪರಿಸಿಕೊಳ್ಳುತ್ತಿದ್ದ. 15 ವರ್ಷ ಸಹಿಸಿದ ಧೃತರಾಷ್ಟ್ರ ಕಾಡಿಗೆ ಹೊರಡಲು ಅದೂ ಒಂದು ಕಾರಣ. ಊಟದ ಆರೋಪ ನಮಗೆ ಹಗುರವೆನಿಸುತ್ತದೆ. ತಂದ ಭಿಕ್ಷೆಯಲ್ಲಿ ಅರ್ಧ ಭೀಮನಿಗೆ, ಇನ್ನರ್ಧ ಉಳಿದ ಐವರಿಗೆ ಎಂದು ಭಾಗ ಮಾಡಿದ್ದು ಅವನ ಮನೆಯವರೇ, ಅವನ ಹೆಗಲ ಮೇಲೆ ಕಾಡು ದಾಟಿದವರೂ ಅವರೇ.

ಚರ್ಚಾಸ್ಪರ್ಧೆಗೆ ಅಥವಾ ತಾಳಮದ್ದಲೆಗೆ ಹೇಗೆ ಸಿದ್ಧವಾಗುವುದು?

ಭೀಮನ ಪರ ನಿಲ್ಲುವವರು ಬಕ, ಕೀಚಕ, ಜರಾಸಂಧ ಈ ಮೂರನ್ನೇ ಆಧಾರವಾಗಿಟ್ಟುಕೊಳ್ಳಿ. ಮೂರರಲ್ಲೂ ‘ಆಳುವವನು ಎಲ್ಲಿದ್ದ’ ಎಂಬ ಪ್ರಶ್ನೆಯನ್ನು ಎದುರಾಳಿಗೆ ಹಾಕಿ. ತೊಡೆಯ ಏಟನ್ನು ಸಮರ್ಥಿಸಲು ಹೋಗಬೇಡಿ. ಅಲ್ಲಿ ಭೀಮನೇ ತಪ್ಪೊಪ್ಪಿಕೊಂಡಿದ್ದಾನೆ, ಆ ಒಪ್ಪಿಗೆಯನ್ನೇ ಗುಣವಾಗಿ ಮಂಡಿಸಿ. ವಿರುದ್ಧ ನಿಲ್ಲುವವರು ವಾರಣಾವತದಿಂದ ಹಿಡಿದು, ಹಿಡಿಂಬೆಗೆ ಹಾಕಿದ ಗಡುವು, ಗಾಂಧಾರಿಯ ಪ್ರಶ್ನೆ, ಎಡಗಾಲ ಒದೆ ಈ ಕ್ರಮದಲ್ಲಿ ಬನ್ನಿ. ರಕ್ತಪಾನದಿಂದ ಶುರುಮಾಡಿದರೆ ಎದುರಾಳಿ ದ್ರೌಪದಿಯ ವಸ್ತ್ರಾಪಹರಣವನ್ನು ಎತ್ತುತ್ತಾನೆ, ಸಭೆ ಅವನ ಕಡೆ ವಾಲುತ್ತದೆ. ತಾಳಮದ್ದಲೆಯಲ್ಲಿ ಬಕ ಅಥವಾ ಜರಾಸಂಧನ ಅರ್ಥ (ಪಾತ್ರದ ಮಾತು) ಹೇಳುವವರು ಭೀಮನನ್ನು ಬೈಯುವುದಕ್ಕಿಂತ ತಮ್ಮ ಪಾತ್ರದ ನ್ಯಾಯವನ್ನು ಕಟ್ಟಿದರೆ ಹೆಚ್ಚು ಶೋಭೆ. ಬಕನಿಗೆ ಕಾವಲಿನ ಕೂಲಿ ಇದೆ. ಜರಾಸಂಧನಿಗೆ, ಅತಿಥಿಗಳೆಂದು ಸತ್ಕರಿಸಲು ಬಂದವನ ಮನೆಗೆ ಕಳ್ಳದಾರಿಯಿಂದ ಬಂದಿರೇಕೆ ಎಂಬ ಪ್ರಶ್ನೆ ಮೂಲದಲ್ಲೇ ಇದೆ.

ಎಲ್ಲಿಂದ ಓದಲು ಶುರುಮಾಡಲಿ?

ಮೊದಲು ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ದಲ್ಲಿ ಇಡೀ ಕಥೆಯ ಓಟವನ್ನು ಹಿಡಿಯಿರಿ. ಅದು ಸಂಗ್ರಹ, ಆದ್ದರಿಂದ ವಾದಕ್ಕೆ ಅದೊಂದೇ ಸಾಲದು. ಆಮೇಲೆ ಶ್ಲೋಕ ಮತ್ತು ಅನುವಾದ ಎರಡೂ ಇರುವ ಸಂಪುಟಗಳಲ್ಲಿ ಆದಿಪರ್ವದ ಅರಗಿನ ಮನೆಯಿಂದ ಬಕವಧೆಯವರೆಗೆ ಒಂದೇ ಸಮನೆ ಓದಿ. ಬೇಡತಿಯ ಸಾವು ಮತ್ತು ಬ್ರಾಹ್ಮಣನ ಮನೆಯ ಅಳು ಎಷ್ಟು ಹತ್ತಿರ ಹತ್ತಿರ ಇವೆ ಎಂಬುದು ಹಾಗೆ ಓದಿದರೆ ಮಾತ್ರ ತಿಳಿಯುತ್ತದೆ. ನಂತರ ವಿರಾಟಪರ್ವ 13–23, ಕೊನೆಗೆ ಸ್ತ್ರೀಪರ್ವ 11–14. ಮುದ್ರಿತ ಕನ್ನಡ ಸಂಪುಟಗಳಲ್ಲಿ ಹಲವು ಪರಿಷ್ಕೃತ ಆವೃತ್ತಿಯನ್ನು ಅನುಸರಿಸಿಲ್ಲ, ಹಾಗಾಗಿ ಅಧ್ಯಾಯ ಸಂಖ್ಯೆ ಹತ್ತು ಇಪ್ಪತ್ತು ಆಚೀಚೆ ಆಗಬಹುದು. ಸಂಖ್ಯೆಗಿಂತ ಉಪಪರ್ವದ ಹೆಸರು ಹಿಡಿದು ಹುಡುಕಿ: ಜತುಗೃಹ, ಹಿಡಿಂಬವಧ, ಬಕವಧ, ಜರಾಸಂಧವಧ, ಕೀಚಕವಧ.